ಕೆರೆಯಲ್ಲಿ ಲಂಗರು

ಹೋದ ತಿಂಗಳು ಚಿಕ್ಕಬಳ್ಳಾಪುರದಲ್ಲಿ ಎರಡು ದಿನದ ತರಬೇತಿಯಿತ್ತು. ಊಟದ ಬಿಡುವಿನಲ್ಲಿ ಪಶು ಆಸ್ಪತ್ರೆಯ ಹಿಂದಿನ ಶೆಡ್ಡಿನ ಬಾಗಿಲು ತೆಗೆದೆ. ಹಸುಗಳನ್ನು ಕೆಡವಿ ಮಲಗಿಸುವ ನೈಲಾನ್ ಹಗ್ಗವನ್ನು ಯಾರೋ ಒದ್ದೆಯಾಗಿಯೇ ಸುತ್ತಿ ಮೂಲೆಗೆ ಹಾಕಿದ್ದರು. ಪಾಚಿ, ಕೆಸರು, ವಾರಗಟ್ಟಲೆ ಬಿಸಿಲು ಕಾಣದ ಹಗ್ಗ. ಆ ವಾಸನೆ ಮೂಗಿಗೆ ಬಿದ್ದದ್ದೇ ನನ್ನ ಎರಡೂ ಅಂಗೈ ಉರಿಯತೊಡಗಿದವು. ತರಬೇತಿ ಮುಗಿದ ಮಾರನೆಯ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬಂದೆ. ಊರಿಗೆ ಹೋಗುವ ಬಸ್ಸು ಬಿಟ್ಟು ಚಿಂತಾಮಣಿಯ ಬಸ್ಸು ಹತ್ತಿದೆ.

ನಾನು ಮಳವಳ್ಳಿ ಕಡೆಯವಳು. ಪಶು ಆಸ್ಪತ್ರೆಯಲ್ಲಿ ಡಾಕ್ಟರ ಕೈಕೆಳಗಿನ ಇನ್ಸ್‌ಪೆಕ್ಟರ್ ಕೆಲಸ. ಕೊರೊನಾದ ಎರಡನೆಯ ಅಲೆ ಇಳಿಯುತ್ತಿದ್ದಾಗ ಚಿಂತಾಮಣಿ ತಾಲ್ಲೂಕಿನ ಬಂಡ್ಲಹಳ್ಳಿಗೆ ನನ್ನನ್ನು ಹಾಕಿದರು. ಕೆಂಚಾರ್ಲಹಳ್ಳಿ ದಾಟಿ ಆಂಧ್ರದ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಊರು. ಹಿಪ್ಪುನೇರಳೆ ತೋಟ, ಟೊಮ್ಯಾಟೊ, ಕುರಿ, ಊರ ಪಕ್ಕದಲ್ಲಿ ದೊಡ್ಡ ಕೆರೆ. ನನಗೆ ಬಾಡಿಗೆಗೆ ಸಿಕ್ಕಿದ್ದು ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಮಹಡಿ ಕೋಣೆ. ಕೆಳಗೆ ಮನೆಯ ಯಜಮಾನ ನಾರಾಯಣಪ್ಪ, ಅವರ ಹೆಂಡತಿ ಸುಶೀಲಮ್ಮ. ನಾರಾಯಣಪ್ಪ ನೌಕಾಪಡೆಯಲ್ಲಿ ಇಪ್ಪತ್ತು ವರ್ಷ ಇದ್ದು ಬಂದವರು. ಊರಿನಲ್ಲಿ ಅವರನ್ನು ನೇವಿ ನಾರಾಯಣಪ್ಪ ಅಂತಲೇ ಕರೆಯುತ್ತಿದ್ದರು. ಗಂಡ ಹೆಂಡತಿ ತಮ್ಮಲ್ಲಿ ತೆಲುಗು ಮಾತಾಡುತ್ತಿದ್ದರು, ನನ್ನ ಜೊತೆ ಕನ್ನಡ. ನಾನಿರುವಾಗ ಮಾತು ತೆಲುಗಿಗೆ ತಿರುಗಿದರೆ ಅದು ಅವರ ಮನೆಯ ವಿಷಯ ಎಂದು ತಿಳಿದು ಎದ್ದು ಮೇಲೆ ಹೋಗುತ್ತಿದ್ದೆ. ಹಾಗಾಗಿ ಆ ಭಾಷೆ ನನ್ನ ಕಿವಿಗೆ ಹತ್ತಲೇ ಇಲ್ಲ.

ಕೆರೆ ಇಪ್ಪತ್ತು ವರ್ಷ ಒಣಗಿತ್ತಂತೆ. ಕೆರೆಯಂಗಳದ ತುಂಬ ಬಳ್ಳಾರಿ ಜಾಲಿ ಬೆಳೆದಿತ್ತು. ಆಮೇಲೆ ಸರ್ಕಾರ ಪೈಪಿನಲ್ಲಿ ಹರಿಸಿದ ನೀರು ಬಂದು ಅರ್ಧ ತುಂಬಿತು. ಜಾಲಿಯನ್ನು ಯಾರೂ ಕಡಿದಿರಲಿಲ್ಲ. ಮರಗಳು ನಿಂತಲ್ಲೇ ಮುಳುಗಿದವು. ನೀರು ಕಂಡ ವರ್ಷವೇ ನಾರಾಯಣಪ್ಪ ಚೆನ್ನೈಗೆ ಹೋಗಿ, ಯಾರೋ ಮೂಲೆಗೆ ಹಾಕಿದ್ದ ಹಾಯಿದೋಣಿಯೊಂದನ್ನು ಟೆಂಪೊ ಮೇಲೆ ಹೇರಿಸಿಕೊಂಡು ಬಂದಿದ್ದರು. ಹದಿನಾರು ಅಡಿಯ ಫೈಬರ್ ದೋಣಿ, ನಡುವೆ ಅಲ್ಯುಮಿನಿಯಂ ಕಂಬ, ಒಂದು ದೊಡ್ಡ ಹಾಯಿ, ಮುಂದೆ ಒಂದು ಚಿಕ್ಕ ಹಾಯಿ. ಮೂಗಿನ, ಅಂದರೆ ಮುಂದಿನ ಚೂಪು ತುದಿಯ, ಹತ್ತಿರ ಒಬ್ಬರು ಬಗ್ಗಿ ಕೂರುವಷ್ಟು ಗೂಡು. ಅವರು ಅದನ್ನು ಯಾಟ್ ಎನ್ನುತ್ತಿದ್ದರು. ಸುಶೀಲಮ್ಮ ಅದಕ್ಕೆ ಹೆಸರೇ ಹೇಳುತ್ತಿರಲಿಲ್ಲ. "ಅದರ ಹತ್ರ ಹೋಗವ್ರೆ" ಎನ್ನುತ್ತಿದ್ದರು.

ಭಾನುವಾರ ಮಾಡಲು ಏನೂ ಇಲ್ಲದೆ ನಾನೂ ಅದರ ಹತ್ತಿರ ಹೋಗತೊಡಗಿದೆ. ಮೊದಲ ತಿಂಗಳು ಅವರು ನನ್ನನ್ನು ನೀರಿಗೇ ಇಳಿಸಲಿಲ್ಲ. ದಡದಲ್ಲಿ ಕೂರಿಸಿ ಗಂಟು ಹಾಕಿಸಿದರು, ಬಿಚ್ಚಿಸಿದರು. ದೋಣಿ ನಿಲ್ಲಿಸಲು ಹಳೆಯ ಬೀಸುವ ಕಲ್ಲುಗಳನ್ನು ಸರಪಳಿಯಲ್ಲಿ ಪೋಣಿಸಿ ಕೆರೆಯ ತಳಕ್ಕೆ ಬಿಟ್ಟಿದ್ದರು. ಅದರಿಂದ ಮೇಲಕ್ಕೊಂದು ಹಗ್ಗ. ಹಗ್ಗದ ತುದಿ ಮುಳುಗದಂತೆ ಒಂದು ನೀಲಿ ಡ್ರಮ್ಮು.

"ದೋಣೀನ ಮೂಗಿಗೆ ಕಟ್ಬೇಕಮ್ಮ. ಪಕ್ಕೆಗೆ ಕಟ್ಟಿದ್ರೆ ಗಾಳಿ ಹೊಡ್ದು ಮಗಚಿ ಹಾಕುತ್ತೆ. ಮೂಗಿಗೆ ಕಟ್ಟಿದ್ರೆ ಗಾಳಿ ಎತ್ಲಿಂದ ಬಂದ್ರೂ ತಾನೇ ತಿರುಗಿ ಎದುರು ನಿಲ್ಲುತ್ತೆ. ಹಸುಗೆ ಮೂಗುದಾರ ಹಾಕೋದೂ ಅದಕ್ಕೇ ಅಲ್ವಾ?"

"ಅದು ಬೇರೆ ಕಾರಣಕ್ಕೆ ಸಾರ್."

"ಆಗ್ಲಿ ಬಿಡು, ನೆನಪಿರುತ್ತೆ."

ನೆನಪಿದೆ. ಲಂಗರನ್ನು ಎಸೆಯಬಾರದು, ಇಳಿಸಬೇಕು. ನೀರು ಒಂದಾಳು ಆಳವಿದ್ದರೆ ಐದಾಳು ಹಗ್ಗ ಬಿಡಬೇಕು, ಗಾಳಿ ಜೋರಿದ್ದರೆ ಏಳೆಂಟು. ಹಗ್ಗ ಗಿಡ್ಡವಾದರೆ ಲಂಗರು ತಳದಲ್ಲಿ ಎದ್ದು ನಿಂತು ಜಾರುತ್ತದೆ, ಉದ್ದವಿದ್ದರೆ ಮಲಗಿ ಮಣ್ಣು ಕಚ್ಚುತ್ತದೆ. ಹಗ್ಗ ದೋಣಿಯ ಅಂಚಿಗೆ ಉಜ್ಜುವ ಕಡೆ ಬಟ್ಟೆ ಸುತ್ತಬೇಕು. ಅದಕ್ಕೆ ಸುಶೀಲಮ್ಮನ ಹಳೆಯ ಸೀರೆಗಳು ಹೋಗುತ್ತಿದ್ದವು. ಲಂಗರು ಹಿಡಿದಿದೆಯೋ ಇಲ್ಲವೋ ತಿಳಿಯಲು ದಡದ ಮೇಲೆ ಒಂದರ ಹಿಂದೊಂದು ಬರುವಂತೆ ಎರಡು ವಸ್ತು ನೋಡಿಟ್ಟುಕೊಳ್ಳಬೇಕು. ನಮಗೆ ಹುಣಸೆಮರ ಮತ್ತು ಅದರ ಹಿಂದಿನ ನೀರಿನ ಟ್ಯಾಂಕು. ಅವೆರಡೂ ಒಂದರಿಂದೊಂದು ದೂರ ಸರಿಯುತ್ತಿವೆ ಅಂದರೆ ಸರಿಯುತ್ತಿರುವುದು ನಾವು.

"ನಿನಗೆ ಗೊತ್ತೇ ಆಗಲ್ಲ," ಎಂದಿದ್ದರು. "ದೋಣಿ ನಿಂತಂಗೇ ಇರುತ್ತೆ. ನೀನು ಟೀ ಕುಡೀತಾ ಕೂತಿರ್ತೀಯ. ಅಷ್ಟರಲ್ಲಿ ಕಲ್ಲಿನ ಮೇಲಿರ್ತೀಯ."

ಶ್ರಾವಣದ ಹೊತ್ತಿಗೆ ಚುಕ್ಕಾಣಿ ಹಿಡಿಯಲು ಬಂತು. ಗಾಳಿಯನ್ನು ಪಕ್ಕಕ್ಕೆ ತೆಗೆದುಕೊಂಡು ಓಡಿಸುವುದು, ಅನುಮಾನ ಬಂದ ಕೂಡಲೇ ಹಾಯಿ ಚಿಕ್ಕದು ಮಾಡುವುದು ಬಂತು. ಬೆನ್ನ ಹಿಂದಿನಿಂದ ಗಾಳಿ ಬರುವಾಗ ದೋಣಿ ತಿರುಗಿಸುವುದಕ್ಕೆ ಮಾತ್ರ ಅವರು ಬಿಡುತ್ತಿರಲಿಲ್ಲ. ಹಾಗೆ ತಿರುಗಿಸಿದಾಗ ಹಾಯಿಯ ಕೆಳಗಿನ ಅಡ್ಡಗೋಲು ಒಂದೇ ಏಟಿಗೆ ಈ ಕಡೆಯಿಂದ ಆ ಕಡೆಗೆ ಬೀಸುತ್ತದೆ. ತಲೆ ಸಿಕ್ಕರೆ ತಲೆ.

ಆಶ್ವಯುಜ ಕಳೆದರೂ ಮಳೆ ನಿಲ್ಲಲಿಲ್ಲ. ಆ ಸೀಮೆಯ ಹಿರಿಯರಿಗೂ ಅಂಥ ಮಳೆಯ ನೆನಪಿರಲಿಲ್ಲ. ಮೊದಲ ವಾರ ಊರಿಗೆ ಊರೇ ಸಂಭ್ರಮದಲ್ಲಿ ಏರಿಯ ಮೇಲೆ ನಿಂತು ನೀರು ನೋಡಿತು. ಹೆಂಗಸರು ಬಾಗಿನ ಕೊಟ್ಟರು. ನಾರಾಯಣಪ್ಪ ಮಾತ್ರ ಏರಿಯ ಒಳಮೈಯ ಕಲ್ಲುಗಳನ್ನು ದಿನಾ ಬೆಳಿಗ್ಗೆ ಎಣಿಸುತ್ತಿದ್ದರು. ಸೋಮವಾರ ಹನ್ನೊಂದು ಕಲ್ಲು ಕಾಣುತ್ತಿದ್ದವು, ಗುರುವಾರ ಏಳು. ಹಾವುಗಳು ಬಿಲ ಬಿಟ್ಟು ಏರಿಯ ಮೇಲೆ ಬಂದು ಬಿಸಿಲಿಲ್ಲದ ಬಿಸಿಲಿಗೆ ಮಲಗುತ್ತಿದ್ದವು. ಗಾಳಿ ಎದ್ದಾಗಲೆಲ್ಲ ದೋಣಿಯ ಹಗ್ಗ ಕಂಬಕ್ಕೆ ಬಡಿದು ಟಿಣ್ ಟಿಣ್ ಎನ್ನುವುದು ಮನೆಯವರೆಗೂ ಕೇಳುತ್ತಿತ್ತು. ಆ ಸದ್ದು ಚುರುಕಾದರೆ ನಾರಾಯಣಪ್ಪ ತಿನ್ನುತ್ತಿದ್ದುದನ್ನು ಬಿಟ್ಟು ತಲೆ ಎತ್ತುತ್ತಿದ್ದರು. ಒಂದು ದಿನ ಸುಶೀಲಮ್ಮ ನನ್ನನ್ನು ಅಡುಗೆಮನೆಗೆ ಕರೆದು, "ಅವರಿಗಂತೂ ಹುಚ್ಚು. ನಿನಗೇನಾಗಿದೆ? ಬುದ್ಧಿ ಹೇಳೋದು ಬಿಟ್ಟು ನೀನೂ ಜೊತೆಗೆ ಹೋಗ್ತೀಯಲ್ಲ" ಎಂದರು. ನಾನು ನಕ್ಕು ಬಂದೆ.

ನನ್ನ ಕೆಲಸವೂ ಕೆಟ್ಟಿತ್ತು. ನೆಲ ಒಣಗದೆ ಕುರಿಗಳ ಗೊರಸು ಕೊಳೆಯುತ್ತಿದ್ದವು. ಅದರ ಹಿಂದೆಯೇ ಭೇದಿ ಬಂತು. ದೊಡ್ಡಿಗಳಿಗೆ ಹೋದರೆ ಬೆಳಿಗ್ಗೆ ಇಂಜೆಕ್ಷನ್ ಕೊಟ್ಟ ಕುರಿ ಸಂಜೆಗೆ ಕಾಲು ಚಾಚಿರುತ್ತಿತ್ತು. ಹೂಳಲು ಗುಂಡಿ ತೋಡಿದರೆ ಎರಡಡಿಗೇ ನೀರು. ಅಕ್ಕಯ್ಯಮ್ಮ ಎಂಬ ಮುದುಕಿಯ ಮಂದೆ ಊರಿನಲ್ಲೇ ದೊಡ್ಡದು. ಮೂರು ದಿನದಲ್ಲಿ ಒಂಬತ್ತು ಸತ್ತವು. ಬೆಳಗಿನಿಂದ ಅವಳ ದೊಡ್ಡಿಯಲ್ಲಿ ಮಂಡಿಯೂರಿ ಕೂತಿದ್ದ ನಾನು ಸಾಕಾಗಿ ಹೇಳಿದೆ: "ಅಜ್ಜಿ, ಚೆನ್ನಾಗಿರೋವನ್ನ ಬೇರೆ ಮಾಡು. ಇವುಗಳ ಜೊತೆ ಇಕ್ಕಬೇಡ. ಬೇರೆ ಎಲ್ಲಾದ್ರೂ, ಯಾವ ಕುರೀನೂ ತುಳೀದೆ ಇರೋ ಕಡೆ ಹೊಡ್ಕೊಂಡು ಹೋಗು."

ಯಾವ ಕುರಿಯೂ ತುಳಿಯದ ಜಾಗ ಬಂಡ್ಲಹಳ್ಳಿಯಲ್ಲಿ ಒಂದೇ ಇತ್ತು. ಕೆರೆಯ ನಡುವಿನ ದಿಬ್ಬ. ಕೆರೆ ಅರ್ಧ ತುಂಬಿದ್ದಾಗ ಅದಕ್ಕೆ ಒಣ ದಾರಿಯಿತ್ತು. ಈ ಮಳೆಗೆ ಆ ದಾರಿಯ ಮೇಲೆ ಮೊಣಕಾಲುದ್ದ ನೀರು ಹರಿಯುತ್ತಿತ್ತು. ಮಾರನೆಯ ದಿನ ಮಧ್ಯಾಹ್ನ ಅಕ್ಕಯ್ಯಮ್ಮ ಹದಿನೆಂಟು ಕುರಿಗಳನ್ನು ಆ ನೀರಿನಲ್ಲೇ ಹಾಯಿಸಿಕೊಂಡು ದಿಬ್ಬಕ್ಕೆ ಹೋದಳು, ಅಲ್ಲೇ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಉಳಿದಳು. ನನಗೆ ಗೊತ್ತಿರಲಿಲ್ಲ.

ಬಂಗಾಳ ಕೊಲ್ಲಿಯಲ್ಲಿ ಎದ್ದ ಚಂಡಮಾರುತ ದಡ ಮುಟ್ಟಿದೆ ಎಂದು ಟಿವಿಯಲ್ಲಿ ಬಂತು. ಮರುದಿನ ಬೆಳಗಾಗುವಾಗ ಮೂಡಲಿಂದ ಗಾಳಿ. ಆ ಗಾಳಿ ಬಿಟ್ಟು ಬಿಟ್ಟು ಬರುತ್ತಿರಲಿಲ್ಲ, ಒಂದೇ ಸಮ ತಳ್ಳುತ್ತಿತ್ತು. ಏಳು ಗಂಟೆಗೆ ಮೇಲಿನ ಕೆರೆ ಒಡೆಯಿತು ಎಂಬ ಸುದ್ದಿ ಬಂತು. ಎಂಟಕ್ಕೆ ನಮ್ಮ ಕೆರೆಯ ಕೋಡಿ ಹರಿಯತೊಡಗಿತು. ಪಡುವಲ ಏರಿಯ ತೆಂಕಣ ತುದಿಯಲ್ಲಿ ಕೋಡಿ. ಅದರಾಚೆ ನೀರು ಎರಡಾಳು ಕೆಳಗೆ ಬಂಡೆಗಳ ಮೇಲೆ ಬೀಳುತ್ತಿತ್ತು. ಅದರ ಸದ್ದಿಗೆ ಏರಿಯ ಮೇಲೆ ನಿಂತವರು ಒಬ್ಬರ ಕಿವಿಯಲ್ಲೊಬ್ಬರು ಕೂಗಬೇಕಾಗಿತ್ತು.

ದಿಬ್ಬದ ಮೇಲೆ ಏನೋ ಅಲ್ಲಾಡುತ್ತಿರುವುದನ್ನು ಮೊದಲು ಕಂಡವರು ನಾರಾಯಣಪ್ಪ. ದುರ್ಬೀನಿನಲ್ಲಿ ನೋಡಿ ನನ್ನ ಕೈಗೆ ಕೊಟ್ಟರು. ಎರಡು ಮಂಚದಷ್ಟು ನೆಲ ಉಳಿದಿತ್ತು. ಅದರ ಮೇಲೆ ಒತ್ತೊತ್ತಾಗಿ ಕುರಿಗಳು, ಅವುಗಳ ನಡುವೆ ಕೂತ ಅಕ್ಕಯ್ಯಮ್ಮ.

"ಅಲ್ಲಿಗ್ಯಾಕೆ ಹೋದ್ಲು?" ಎಂದು ಯಾರೋ ಕೇಳಿದರು. ನಾನು ದುರ್ಬೀನನ್ನು ಕಣ್ಣಿನಿಂದ ಇಳಿಸಲಿಲ್ಲ.

ಚಿಂತಾಮಣಿಯ ಅಗ್ನಿಶಾಮಕದವರಿಗೆ ಫೋನು ಮಾಡಿದ್ದಾಯಿತು. ಅವರು ಹೊರಟಿದ್ದರು, ಆದರೆ ಕೆಂಚಾರ್ಲಹಳ್ಳಿಯ ಈಚೆ ರಸ್ತೆಯ ಮೇಲೆ ಎದೆಮಟ್ಟ ನೀರು. ಸುತ್ತಿ ಬರಲು ಎಷ್ಟು ಹೊತ್ತು ಬೇಕೋ ಅವರಿಗೂ ಗೊತ್ತಿರಲಿಲ್ಲ. ನಾರಾಯಣಪ್ಪ ಸ್ವಲ್ಪ ಹೊತ್ತು ನೀರನ್ನು ನೋಡಿದರು. ಅಲೆಗಳ ತಲೆಯೆಲ್ಲ ಬಿಳಿ. ಆಮೇಲೆ ನನ್ನ ಕಡೆ ತಿರುಗಿದರು.

"ಒಬ್ನ ಕೈಲಿ ಆಗಲ್ಲ. ನೀನು ಬರ್ಲೇಬೇಕು ಅಂತ ನಾನು ಹೇಳಲ್ಲ."

"ನಾನೇ ಅವಳನ್ನ ಕಳ್ಸಿದ್ದು ಸಾರ್. ಕುರಿ ಬೇರೆ ಮಾಡು ಅಂದಿದ್ದು ನಾನು."

 ಅವರು ಮನೆಯಿಂದ ಎರಡು ಲೈಫ್ ಜಾಕೆಟ್ ತಂದರು. ಸುಶೀಲಮ್ಮ ಹಿಂದೆಯೇ ಓಡಿ ಬಂದು ಅವರ ಅಂಗಿಯ ತೋಳು ಹಿಡಿದು ತೆಲುಗಿನಲ್ಲಿ ಏನೋ ಹೇಳಿದರು. ಅದರ ಅರ್ಥ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಾರಾಯಣಪ್ಪ ಮೆಲ್ಲಗೆ ಆ ಕೈ ಬಿಡಿಸಿದರು.

ದೋಣಿ ಬಡಗಣ ದಡದ ಹತ್ತಿರ, ಹುಣಸೆಮರದ ಮರೆಯಲ್ಲಿ ನಿಂತಿತ್ತು. ಹೊರಡುವ ಮೊದಲು ಅವರು ಬೆರಳಿನಿಂದ ಒದ್ದೆ ಹಲಗೆಯ ಮೇಲೆ ಗೆರೆ ಎಳೆದು ತೋರಿಸಿದರು. ಗಾಳಿ ಮೂಡಲಿಂದ ಪಡುವಲಕ್ಕೆ. ನಾವು ದಿಬ್ಬಕ್ಕೆ ನೇರ ಹೋದರೆ ನಿಲ್ಲಲಾಗದೆ ಕೋಡಿಗೆ ಹೋಗುತ್ತೇವೆ. ಅದಕ್ಕೇ ದಿಬ್ಬಕ್ಕಿಂತ ಮೂಡಲಿಗೆ ಹೋಗಿ ಲಂಗರು ಇಳಿಸುವುದು, ಹಗ್ಗ ಬಿಡುತ್ತ ಬಿಡುತ್ತ ಗಾಳಿಯೇ ನಮ್ಮನ್ನು ಹಿಂದುಹಿಂದಕ್ಕೆ ದಿಬ್ಬಕ್ಕೆ ಮುಟ್ಟಿಸುವ ಹಾಗೆ ಮಾಡುವುದು. ಅಕ್ಕಯ್ಯಮ್ಮನನ್ನು ಹತ್ತಿಸಿಕೊಂಡು ಲಂಗರು ಎತ್ತಿ, ಮೂಗು ಎಡಕ್ಕೆ ತಿರುಗಿದಾಗ ಹಾಯಿ ಬಿಗಿದು, ಬಡಗಣ ದಡಕ್ಕೆ ವಾಪಸು.

ದೊಡ್ಡ ಹಾಯಿಯನ್ನು ಮೂರರಲ್ಲಿ ಒಂದು ಪಾಲಿಗೆ ಮಡಚಿ ಕಟ್ಟಿದ್ದೆವು. ಅಷ್ಟಕ್ಕೇ ದೋಣಿ ಹುಣಸೆಮರದ ಮರೆ ದಾಟಿದ್ದೇ ಒಂದು ಪಕ್ಕಕ್ಕೆ ಮಲಗಿತು. ನಾನು ಚುಕ್ಕಾಣಿಯನ್ನು ಎರಡು ಕೈಯಲ್ಲೂ ಒತ್ತಿ ಹಿಡಿದೆ. ಮುಳುಗಿದ ಜಾಲಿಮರಗಳ ತುದಿಗಳು ನೀರಿನ ಮೇಲೆ ಒಂದು ಗೇಣು ಕಾಣುತ್ತ, ಅಲೆಯಲ್ಲಿ ಮರೆಯಾಗುತ್ತಿದ್ದವು. ಅವುಗಳ ನಡುವೆ ದಾರಿ ಹುಡುಕುತ್ತ ಹೋದೆವು. ದೋಣಿಯ ಹೊಟ್ಟೆಗೆ ಕೊಂಬೆಗಳು ಕೆರೆಯುವ ಸದ್ದು ಕಾಲಿನಡಿ ಕೇಳುತ್ತಿತ್ತು.

ದಿಬ್ಬದ ನೇರಕ್ಕೆ, ಗಾಳಿ ಬರುವ ಮೂಡಲ ಬದಿಗೆ ಬಂದಾಗ ಅವರು ಕೈ ಎತ್ತಿದರು. ನಾನು ಮೂಗನ್ನು ಗಾಳಿಗೆ ತಿರುಗಿಸಿದೆ. ಹಾಯಿ ಬಡಿದಾಡಿ ದೋಣಿ ನಿಂತಿತು. ಅವರು ಹಾಯಿ ಇಳಿಸಿ ಲಂಗರು ಬಿಟ್ಟರು. ಹಗ್ಗ ಹೋಗುತ್ತಲೇ ಇತ್ತು. ನಾನು ಹುಣಸೆಮರ ನೋಡಿದೆ. ನೀರಿನ ಟ್ಯಾಂಕು ಅದರ ಹಿಂದಿನಿಂದ ಹೊರಬಂದು ಎಡಕ್ಕೆ ಸರಿಯುತ್ತಿತ್ತು.

"ಹಿಡಿದಿಲ್ಲ ಸಾರ್. ಜಾರ್ತಾ ಇದೆ."

ಅವರು ಇನ್ನಷ್ಟು ಹಗ್ಗ ಬಿಟ್ಟರು. ಟ್ಯಾಂಕು ಇನ್ನೂ ಸರಿಯಿತು. ಕೋಡಿಯ ಸದ್ದು ಬೆನ್ನ ಹಿಂದೆ ಬೆಳೆಯಿತು. ಹಿಂತಿರುಗಿ ನೋಡಲು ನನಗೆ ಧೈರ್ಯ ಬರಲಿಲ್ಲ. ಆಮೇಲೆ ದೋಣಿ ಗಕ್ಕನೆ ನಿಂತಿತು. ನಾನು ಮುಗ್ಗರಿಸಿದೆ. ಲಂಗರು ತಳದ ಯಾವುದೋ ಜಾಲಿಗೆ ಸಿಕ್ಕಿಕೊಂಡಿತ್ತು.

"ಒಳ್ಳೇದಾಯ್ತು," ಎಂದರು ನಾರಾಯಣಪ್ಪ. ಅವರ ಮುಖದಲ್ಲಿ ಒಳ್ಳೆಯದರ ಗುರುತಿರಲಿಲ್ಲ.

ಹಗ್ಗ ಸಡಿಲಿಸುತ್ತ ಹೋದಂತೆ ದೋಣಿಯ ಹಿಂಭಾಗ ದಿಬ್ಬದಿಂದ ನಾಲ್ಕು ಮಾರು ದೂರಕ್ಕೆ ಬಂತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಾನು ನೀರಿಗೆ ಇಳಿದೆ. ಎದೆಯವರೆಗೆ ನೀರು, ಕಾಲಿಗೆ ಮುಳ್ಳು. ಅಕ್ಕಯ್ಯಮ್ಮ ಒಂದು ಮರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂತಿದ್ದಳು. ಅವಳ ಪಕ್ಕದಲ್ಲಿ ಸೊಪ್ಪು ಕಡಿಯುವ ಮಚ್ಚು. ನನ್ನನ್ನು ನೋಡಿ ಅವಳಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

"ನೀನು ಹೇಳ್ದಂಗೆ ಬೇರೆ ಇಕ್ಕಿದೀನಿ ತಲ್ಲಿ. ಒಂದಕ್ಕೂ ಭೇದಿ ಇಲ್ಲ, ನೋಡು."

"ಬಾ ಅಜ್ಜಿ, ನೀರು ಏರ್ತಾ ಇದೆ."

"ಇವು?"

ಕುರಿಗಳನ್ನು ಕರೆದೊಯ್ಯಲಾಗುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. "ನೀನು ಹೊರಟ್ರೆ ನಿನ್ನ ಹಿಂದೆ ಈಜ್ಕೊಂಡು ಬರ್ತವೆ. ನೀನಿಲ್ಲೇ ಇದ್ರೆ ಅವೂ ಇಲ್ಲೇ ನಿಲ್ತವೆ" ಎಂದೆ. ಅದು ನಿಜವೋ ಸುಳ್ಳೋ ನನಗೆ ಗೊತ್ತಿರಲಿಲ್ಲ. ಅವಳು ನನ್ನ ಮುಖ ನೋಡಿದಳು. ಅವಳ ಪಾಲಿಗೆ ನಾನು ಕುರಿ ಡಾಕ್ಟರು, ನಂಬಿದಳು. ಮಚ್ಚು ಹಿಡಿದು ಎದ್ದಳು.

ದೋಣಿಗೆ ಹತ್ತಿಸಿದ ಕೂಡಲೇ ನಾರಾಯಣಪ್ಪ ತಮ್ಮ ಜಾಕೆಟ್ ಬಿಚ್ಚಿ ಅವಳಿಗೆ ತೊಡಿಸಿ, ತಳದಲ್ಲಿ ಮಲಗಿಸಿದರು. ಇಬ್ಬರೂ ಸೇರಿ ಲಂಗರಿನ ಹಗ್ಗ ಎಳೆದೆವು. ಅದು ಅಲ್ಲಾಡಲಿಲ್ಲ. ಮತ್ತೆ ಎಳೆದೆವು. ನನ್ನ ಅಂಗೈ ಸಿಪ್ಪೆ ಕಿತ್ತುಬಂತು.

"ಬಿಡು, ಕೊಯ್ಯೋಣ," ಎಂದರು. ಅಕ್ಕಯ್ಯಮ್ಮನ ಮಚ್ಚನ್ನು ನನ್ನ ಕೈಗಿಟ್ಟರು. "ನೀನು ಮುಂದೆ ಕೂತ್ಕೊ. ನಾನು ಹಿಂದೆ ಹಾಯಿ, ಚುಕ್ಕಾಣಿ ಎರಡೂ ಹಿಡೀತೀನಿ. ಮೂಗು ಆಚೆ ಈಚೆ ಆಡುತ್ತೆ. ಎಡಕ್ಕೆ ಬಂದಾಗ 'ಈಗ' ಅಂತೀನಿ. ಆಗ ಕೊಯ್ಯಿ. ಬಲಕ್ಕೆ ಇದ್ದಾಗ ಮುಟ್ಟಬೇಡ. ಬಲಕ್ಕೆ ತಿರುಗಿದ್ರೆ ಕೋಡಿ."

ನಾನು ಮೂಗಿನ ಮೇಲೆ ಬೋರಲು ಮಲಗಿ ಮಚ್ಚು ಎತ್ತಿ ಹಿಡಿದೆ. ಹಿಂದೆ ಹಾಯಿ ಏರಿತು. ಅದರ ಬಡಿತಕ್ಕೆ ಇಡೀ ದೋಣಿ ನಡುಗಿತು. ಮೂಗು ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ. ಒಂದು ಅಲೆ ನನ್ನ ಮೇಲೆ ಒಡೆದು ಕಣ್ಣು ಕಿವಿ ಎಲ್ಲ ತುಂಬಿತು. ಕಣ್ಣು ಬಿಡುವುದರೊಳಗೆ ಹಿಂದಿನಿಂದ ಕೂಗು ಕೇಳಿಸಿತು. ನಾನು ಮಚ್ಚು ಇಳಿಸಿದೆ. ಬಿಗಿದಿದ್ದ ಹಗ್ಗ ಒಂದೇ ಏಟಿಗೆ ಹೋಯಿತು.

ಮೂಗು ಬಲಕ್ಕಿತ್ತು.

ಆಮೇಲಿನದು ನನಗೆ ತುಂಡುತುಂಡಾಗಿ ನೆನಪಿದೆ. ದೋಣಿ ಬಲಕ್ಕೆ ಬಿದ್ದು ನೇರ ಕೋಡಿಯ ಕಡೆ ಓಡಿತು. ಅಲ್ಲಿ ಕೆರೆಯ ಮೈ ಒಂದು ಗೆರೆಯ ಹಾಗೆ ಮುಗಿದು ಅದರಾಚೆ ಹೊಗೆ ಏಳುತ್ತಿತ್ತು. ಗಾಳಿಗೆ ಎದುರಾಗಿ ತಿರುಗಲು ಜಾಗವಿರಲಿಲ್ಲ. ನಾರಾಯಣಪ್ಪ ಗಾಳಿಗೆ ಬೆನ್ನು ಕೊಟ್ಟು ತಿರುಗಿಸಿದರು. ನನಗೆ ಕಲಿಸಲು ಒಪ್ಪದಿದ್ದ ತಿರುವು ಅದು. ಅಡ್ಡಗೋಲು ನನ್ನ ತಲೆಯ ಮೇಲಿಂದ ಬೀಸಿ ಹೋಗಿ ಮುರಿಯಿತು. ದೋಣಿ ಬಡಗಣಕ್ಕೆ ಮುಖ ಮಾಡಿತು, ಆದರೆ ಅಷ್ಟರಲ್ಲಿ ಏರಿ ನಮ್ಮ ಪಕ್ಕಕ್ಕೇ ಬಂದಿತ್ತು. ಹರಿದ ಹಾಯಿಯಲ್ಲಿ ಉಳಿದಿದ್ದಷ್ಟು ಗಾಳಿ ನಮ್ಮನ್ನು ಕೋಡಿಯಿಂದ ನೂರು ಹೆಜ್ಜೆ ಈಚೆಗೆ ಎಳೆಯಿತು. ಅಲ್ಲಿ ಅವರು ಬೇಕೆಂದೇ ದೋಣಿಯನ್ನು ಏರಿಯ ಕಲ್ಲಿಗೆ ಹೊಡೆಸಿದರು. ಊರಿನವರು ಹಗ್ಗ ಹಿಡಿದು ಏರಿಯ ಮೇಲೆ ಓಡಿ ಬರುತ್ತಿದ್ದರು. ನನ್ನನ್ನು ಯಾರೋ ಜಡೆ ಹಿಡಿದು ಮೇಲಕ್ಕೆಳೆದರು. ಅಕ್ಕಯ್ಯಮ್ಮ ದೋಣಿಗೂ ಕಲ್ಲಿಗೂ ನಡುವೆ ಜಾರುತ್ತಿದ್ದಳು. ನಾರಾಯಣಪ್ಪ ಎಡಗೈಯಲ್ಲಿ ಅವಳ ಜಾಕೆಟ್ ಹಿಡಿದು, ಬಲಗೈಯನ್ನು ಕಲ್ಲಿಗೆ ಕೊಟ್ಟು ದೋಣಿಯನ್ನು ದೂರ ತಳ್ಳಿ ಹಿಡಿದರು. ಮುಂದಿನ ಅಲೆ ದೋಣಿಯನ್ನು ಎತ್ತಿ ತಂದು ಆ ಕೈಯ ಮೇಲೆ ಇಟ್ಟಿತು. ಅವರು ಕೂಗಿದ್ದು ನನಗೆ ಕೇಳಲಿಲ್ಲ. ಬಾಯಿ ತೆರೆದದ್ದು ಕಂಡೆ.

ಹತ್ತು ನಿಮಿಷದಲ್ಲಿ ದೋಣಿ ಹೋಳಾಯಿತು. ಹೋಳುಗಳು ಒಂದೊಂದಾಗಿ ಕೋಡಿ ಹಾರಿ ಹೋದವು. ಹದಿನೆಂಟು ಕುರಿಗಳಲ್ಲಿ ನಾಲ್ಕು ದಡ ಸೇರಿದವು. ಅಕ್ಕಯ್ಯಮ್ಮನ ಸೆರಗಿನ ಮರಿ ಬದುಕಿತ್ತು. ಟ್ರ್ಯಾಕ್ಟರಿನಲ್ಲಿ, ಆಮೇಲೆ ಆಂಬ್ಯುಲೆನ್ಸಿನಲ್ಲಿ ನಾರಾಯಣಪ್ಪನವರನ್ನು ಸಾಗಿಸಿದರು. ಬಲಗೈಯ ಮೂರು ಬೆರಳು ತೆಗೆದರು. ಮಣಿಕಟ್ಟು ಮತ್ತೆ ಮಡಚಲಿಲ್ಲ.

ನೋಡಲು ಬಂದವರಿಗೆಲ್ಲ ಅವರು ಒಂದೇ ಮಾತು ಹೇಳಿದರು: "ಕೊಯ್ಯಿ ಅಂತ ನಾನೇ ಅಂದೆ. ಆ ಹೊತ್ತಿಗೆ ಸರಿಯಾಗಿ ಗಾಳಿ ತಿರುಗ್ತು." ನಾನೂ ಅದನ್ನೇ ನಂಬಿದೆ. ಕೂಗು ನನ್ನ ಕಿವಿಯಾರೆ ಕೇಳಿತ್ತಲ್ಲ.

ಮೂರು ವಾರದ ಮೇಲೆ ಸುಶೀಲಮ್ಮನ ಹಸುವಿಗೆ ಕೆಚ್ಚಲು ಬಾವು. ಕೊಟ್ಟಿಗೆಯಲ್ಲಿ ನಾನು ಸೂಜಿ ಹಿಡಿದು ಬಗ್ಗಿದಾಗ ಹಸು ಕಾಲು ಝಾಡಿಸಿತು. ಸುಶೀಲಮ್ಮ ಅದರ ಬೆನ್ನು ಸವರುತ್ತ, "ಆಗು, ಆಗು" ಎಂದರು.

ನನ್ನ ಕೈ ಅಲ್ಲೇ ನಿಂತಿತು. "ಏನಂದ್ರಿ ಅಮ್ಮ?"

"ಹಸುಗೆ ಹೇಳಿದ್ದು, ನಿನಗಲ್ಲ. ಆಗು ಅಂದ್ರೆ ತಡಿ ಅಂತ. ಬಂದು ಇಷ್ಟು ದಿನ ಆಯ್ತು, ಅಷ್ಟೂ ತೆಲುಗು ಬರಲ್ವ ನಿನಗೆ?"

ನಾನು ಇಂಜೆಕ್ಷನ್ ಕೊಟ್ಟು ಕೈ ತೊಳೆದುಕೊಂಡು ಮೇಲೆ ಹೋಗಿ ಬಾಗಿಲು ಹಾಕಿಕೊಂಡೆ. ಅವತ್ತು ನನ್ನ ಕಿವಿಗೆ ಬಿದ್ದ ಕೂಗನ್ನು ಎಷ್ಟು ಸಲ ಕೇಳಿಸಿಕೊಂಡರೂ ಅದು 'ಈಗ' ಆಗಲಿಲ್ಲ. ತಡಿ ಎಂದು ಅವರು ಕೂಗಿದ್ದರು. ನಾನು ಕೊಯ್ದಿದ್ದೆ. ಕೆಳಗೆ ಸುಶೀಲಮ್ಮ ಗಂಡನ ಅಂಗಿಗೆ ಗುಂಡಿ ಹಾಕುತ್ತ ಮಾತಾಡುವುದು ಕೇಳುತ್ತಿತ್ತು. ಹೇಳಬೇಕೆಂದು ಎಷ್ಟೋ ಸಲ ಮೆಟ್ಟಿಲು ಇಳಿದೆ. ಇಳಿದು, ಹಾಲಿಗೆ ಹೋಗುವವಳಂತೆ ಹೊರಗೆ ಹೋದೆ. ಬೇಸಿಗೆಯಲ್ಲಿ ನಾನೇ ಕೇಳಿ ವರ್ಗ ಮಾಡಿಸಿಕೊಂಡೆ.

ಹೋದ ತಿಂಗಳು ಬಂಡ್ಲಹಳ್ಳಿಯ ಸ್ಟಾಪಿನಲ್ಲಿ ಇಳಿದಾಗ ಹನ್ನೆರಡೂವರೆ. ನಾರಾಯಣಪ್ಪ ಜಗಲಿಯ ಮೇಲೆ ಪೇಪರು ಓದುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಸುಶೀಲಮ್ಮ ನನ್ನ ದನಿ ಗುರುತು ಹಿಡಿದು ಒಳಗಿನಿಂದಲೇ, "ಬಂದ್ಯಾಮ್ಮ? ಕೂತ್ಕೊ, ಸಾರು ಕುದೀತಾ ಇದೆ" ಎಂದರು. ಅಕ್ಕಯ್ಯಮ್ಮ ಹೋದ ವರ್ಷ ತೀರಿಕೊಂಡಳು ಎಂದು ನಾರಾಯಣಪ್ಪ ಹೇಳಿದರು. ಮಲಗಿದಲ್ಲೇ, ನೋವಿಲ್ಲದೆ. 

"ಸಾರ್, ಅವತ್ತು ನೀವು 'ಆಗು' ಅಂದ್ರಿ," ಎಂದೆ. "ನಾನು 'ಈಗ' ಅಂತ ಕೇಳಿಸ್ಕೊಂಡು ಕೊಯ್ದುಬಿಟ್ಟೆ."

ಅವರು ಎಡಗೈಯಲ್ಲಿ ಪೇಪರನ್ನು ತೊಡೆಯ ಮೇಲೆ ಮಡಚಿದರು.

"ಹೌದು."

"ನಿಮಗೆ ಗೊತ್ತಿತ್ತಾ?"

"ನನ್ನ ಬಾಯಿಂದ ಬಂದಿದ್ದು ನನಗೆ ಗೊತ್ತಿರಲ್ವೇನಮ್ಮ? ಇಪ್ಪತ್ತು ವರ್ಷ ಹಡಗಿನಲ್ಲಿ ಒಂದ್ಸಲಾನೂ ತೆಲುಗಿನಲ್ಲಿ ಕೂಗಿದೋನಲ್ಲ. ಅವತ್ತು ಬಂದ್ಬಿಡ್ತು. ಅಷ್ಟು ಹೆದರಿದ್ದೆ ನಾನು. ದೋಣಿ ನಡ್ಸೋನು ಕೂಗಿದ್ದು ಮುಂದಿರೋರಿಗೆ ಅರ್ಥ ಆಗ್ಲಿಲ್ಲ ಅಂದ್ರೆ ಅದು ನಡ್ಸೋನ ತಪ್ಪು."

"ಹಾಗಂತ ನನಗೆ ಯಾಕೆ ಹೇಳ್ಲಿಲ್ಲ?"

 ಅವರ ಕಣ್ಣು ನನ್ನ ಹಿಂದೆ ಬಾಗಿಲ ಕಡೆಗಿತ್ತು. ನಾನು ತಿರುಗಿದೆ. ಸುಶೀಲಮ್ಮ ಒದ್ದೆ ಕೈಯಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಈ ಮಾತು ಅವರಿಗೆ ಇವತ್ತಿನವರೆಗೂ ಯಾರೂ ಹೇಳಿರಲಿಲ್ಲ ಎಂಬುದು ಮುಖ ನೋಡಿದರೆ ತಿಳಿಯುತ್ತಿತ್ತು.

ಅವರು ಗಂಡನನ್ನು ಕೇಳಿದರು. ನನಗೂ ಅರ್ಥವಾಗಲಿ ಎಂದೋ ಏನೋ, ಕನ್ನಡದಲ್ಲೇ ಕೇಳಿದರು: "ಹಂಗಾದ್ರೆ ಇವಳು ತಡೆದು ಕೊಯ್ದಿದ್ರೆ ಈ ಕೈ ಉಳೀತಿತ್ತಾ?"

ನಾರಾಯಣಪ್ಪ ಬಲಗೈಯನ್ನು ಪೇಪರಿನ ಕೆಳಗೆ ಸರಿಸಿದರು. "ಉಳೀತಿತ್ತೇನೋ. ಹೇಳೋಕಾಗಲ್ಲ."

ಸುಶೀಲಮ್ಮ ಒಳಗೆ ಹೋದರು. ಪಾತ್ರೆಗಳ ಸದ್ದು ಕೂಡ ಕೇಳಿಸಲಿಲ್ಲ. ನಾನು ಚೀಲ ಹೆಗಲಿಗೆ ಹಾಕಿಕೊಂಡೆ. ಒಂದೂವರೆಗೆ ಬಸ್ಸಿತ್ತು. ಎದ್ದು ನಿಂತಾಗ ಒಳಗಿನಿಂದ ಅವರ ದನಿ ಬಂತು.

"ಊಟಕ್ಕೆ ಬನ್ನಿ ಇಬ್ಬರೂ."

ಮೂರು ತಟ್ಟೆ ಇಟ್ಟಿದ್ದರು. ಬಿಸಿ ಮುದ್ದೆ, ಬಸ್ಸಾರು. ಬೆರಳು ಹೋದ ಕೈಯಲ್ಲಿ ನಾರಾಯಣಪ್ಪನವರಿಗೆ ಮುದ್ದೆ ಮುರಿಯಲಾಗದು, ಎಡಗೈಯಲ್ಲಿ ಮುಟ್ಟಿ ತಿನ್ನಲು ಅವರು ಒಪ್ಪರು. ಚಿಕ್ಕಚಿಕ್ಕದಾಗಿ ಮುರಿದು ಸಾರಿನಲ್ಲಿ ಅದ್ದಿ ಇಟ್ಟರೆ ಎಡಗೈಯ ಚಮಚದಿಂದ ತೆಗೆದುಕೊಳ್ಳುತ್ತಾರೆ. ಇಷ್ಟು ವರ್ಷ ಹೊತ್ತುಹೊತ್ತಿಗೆ ಅದನ್ನು ಮಾಡಿದವರು ಸುಶೀಲಮ್ಮ. ಅವರು ಗಂಡನ ತಟ್ಟೆಯನ್ನು ಎತ್ತಿ ನನ್ನ ಮುಂದೆ ಇಟ್ಟರು.

"ಇವತ್ತು ನೀನು ಮುರಿ."

ಮುದ್ದೆ ಹಬೆಯಾಡುತ್ತಿತ್ತು. ಬೆರಳಿಟ್ಟರೆ ಸುಟ್ಟಿತು. ನಾನು ಕೈ ತೆಗೆಯಲಿಲ್ಲ. ಸುಶೀಲಮ್ಮ ತಮ್ಮ ತಟ್ಟೆ ಮುಟ್ಟದೆ ನನ್ನ ಬೆರಳುಗಳನ್ನೇ ನೋಡುತ್ತ ಕೂತಿದ್ದರು. ನಾಲ್ಕನೆಯ ತುತ್ತಿನ ಹೊತ್ತಿಗೆ, "ಇನ್ನೂ ಚಿಕ್ಕದು ಮಾಡು. ಅವರಿಗೆ ಗಂಟ್ಲಲ್ಲಿ ಇಳಿಯಲ್ಲ" ಎಂದರು. ನಾನು ಚಿಕ್ಕದು ಮಾಡಿದೆ.